ನಡುವೆ ಒಂದೇ ಸಾಲು ಹೈಬೇ ಬೇಡ, ಫೇಸ್ ಹಂಚಿ ಹಾಕಿ

ಅಣ್ಣಾ, 100×50 ಅಡಿ ಮೆಷಿನ್ ಶೆಡ್ಡಿಗೆ 20 ಅಡಿ ಎತ್ತರದಲ್ಲಿ, ನಡುಮಧ್ಯೆ ಒಂದೇ ಸಾಲಲ್ಲಿ 200 ವ್ಯಾಟಿನ ಆರು ಹೈಬೇ (ಎತ್ತರದ ಛಾವಣಿಗೆ ಹಾಕೋ ಜೋರು ಲೈಟ್), ಎಲ್ಲಾ ಒಂದೇ ಫೇಸಿಗೆ (ಮೂರು ಕರೆಂಟ್ ಲೈನಲ್ಲಿ ಒಂದಕ್ಕೇ) ಅಂತ ಬರೆದಿದ್ದೀರಿ. ವೈರಿಂಗ್ ಪೈಪ್ ಎಳೆಸಿಲ್ಲ ಅಂದ್ರೆ ದಯವಿಟ್ಟು ನಿಲ್ಲಿಸಿ. ಲೇತ್‌ಗಳು ಗೋಡೆ ಕಡೆಗಿವೆ. ಬೆಳಕು ಬೆನ್ನ ಹಿಂದಿಂದ ಬಂದ್ರೆ ಆಪರೇಟರ್ ನೆರಳು ಸೀದಾ ಚಕ್ (ಕೆಲಸದ ತುಂಡನ್ನ ಹಿಡಿದು ತಿರುಗೋ ಭಾಗ) ಮೇಲೇ ಬೀಳುತ್ತೆ.

ವ್ಯಾಟಿಗೆ 130 ಲ್ಯೂಮೆನ್ ಹಿಡಿದ್ರೂ, ಯುಟಿಲೈಸೇಶನ್ (ಕೆಲಸದ ಜಾಗಕ್ಕೆ ತಲುಪೋ ಪಾಲು) 0.65, ಮೆಂಟೆನೆನ್ಸ್ (ಧೂಳು, ಹಳತಾದ ಮೇಲೆ ಉಳಿಯೋ ಪಾಲು) 0.8ರಿಂದ ಗುಣಿಸಿದ್ರೆ ನಿಮಗೆ ಸಿಗೋದು ಸುಮಾರು 175 ಲಕ್ಸ್ (ಚದರ ಮೀಟರಿಗೆ ಬೀಳೋ ಲ್ಯೂಮೆನ್). ಮೆಷಿನ್ ಕೆಲಸಕ್ಕೆ 300 ಆದ್ರೂ ಬೇಕು. 100 ವ್ಯಾಟಿನವು 21 ತಗೊಳ್ಳಿ, ಮೂರು ಸಾಲು, ಸಾಲಿಗೆ ಏಳು. ಸಾಲಿಂದ ಸಾಲಿಗೆ 5 ಮೀಟರ್, ಸಾಲಿನೊಳಗೆ 4.3. ಗೋಡೆಯಿಂದ ಮೊದಲ ಲೈಟಿಗೆ ಇದರ ಅರ್ಧ ಮಾತ್ರ. ಪೂರ್ತಿ ಅಂತರ ಬಿಟ್ರೆ ಮೂಲೆಗಳು ಕತ್ತಲು. ಲೆನ್ಸ್ 90 ಡಿಗ್ರಿ. 60 ಡಿಗ್ರಿಯದು ಈ ಎತ್ತರಕ್ಕೆ ಬೇಡ, ನೆಲದ ಮೇಲೆ ಮಚ್ಚೆ ಮಚ್ಚೆ ಬೆಳಕು ಬೀಳುತ್ತೆ.

ಈಗ ಫೇಸ್ ವಿಷಯ. ಇದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಅಗ್ಗದ ಡ್ರೈವರ್ (ಲೈಟಿಗೆ ಕರೆಂಟ್ ಹದ ಮಾಡೋ ಸರ್ಕ್ಯೂಟ್) ಇರೋ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2000 ಸುತ್ತು) ಮೂರು ಜಾ, ಅಂದ್ರೆ ಮೂರು ಹಿಡಿತದ ಹಲ್ಲಿರೋ ಚಕ್ಕು, 1500ರಲ್ಲಿ ನಾಲ್ಕು ಜಾ ಚಕ್ಕು ಆ ಬೆಳಕಲ್ಲಿ ನಿಂತ ಹಾಗೇ ಕಾಣುತ್ತೆ. ನಿಂತಿದೆ ಅಂತ ಕೈ ಹಾಕಿದ್ರೆ ಕಥೆ ಮುಗೀತು. ಮೂರು ಫೇಸೂ ಬೇರೆ ಬೇರೆ ಕ್ಷಣಕ್ಕೆ ಮಂಕಾಗುತ್ತೆ, ಹಂಚಿದ್ರೆ ಒಂದರ ಮಂಕನ್ನ ಇನ್ನೊಂದು ತುಂಬುತ್ತೆ. ಅದಕ್ಕೇ (ಆರ್, ವೈ, ಬಿ ಅಂದ್ರೆ ರೆಡ್, ಯೆಲ್ಲೋ, ಬ್ಲೂ ಫೇಸ್) ಮೊದಲ ಸಾಲು ಆರ್-ವೈ-ಬಿ-ಆರ್-ವೈ-ಬಿ-ಆರ್, ಎರಡನೇದು ವೈಯಿಂದ ಶುರು, ಮೂರನೇದು ಬಿಯಿಂದ. ಪಕ್ಕಪಕ್ಕದ ಎರಡು ಲೈಟ್ ಒಂದೇ ಫೇಸಲ್ಲಿ ಇರಲ್ಲ, ಫೇಸಿಗೆ ಸರಿಯಾಗಿ ಏಳು ಬರುತ್ತೆ. ಒಂದು ಫೇಸ್ ಹೋದ್ರೂ ಶೆಡ್ ಪೂರ್ತಿ ಕತ್ತಲಾಗಲ್ಲ, ರಾತ್ರಿ ಕಸ ಗುಡಿಸೋಕೆ ಒಂದೇ ಎಂಸಿಬಿ (ಓವರ್‌ಲೋಡಾದ್ರೆ ತಾನೇ ಆಫ್ ಆಗೋ ಸ್ವಿಚ್) ಆನ್ ಮಾಡಿದ್ರೆ ಸಾಕು.

ಆದ್ರೆ ಮೂರು ಫೇಸಿಗೂ ಒಂದೇ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಎಳೆದು ಉಳಿಸೋಕೆ ಹೋಗ್ಬೇಡಿ. ಆ ಜಾಯಿಂಟ್ ಸಡಿಲ ಆಯ್ತು ಅಂದ್ರೆ 230 ಬರೋ ಕಡೆ 300, 400 ವೋಲ್ಟ್ ಬಂದು ಡ್ರೈವರ್ ಸಾಲಾಗಿ ಹೋಗುತ್ತೆ. ಪ್ರತಿ ಸರ್ಕ್ಯೂಟಿಗೂ ಬೇರೆ ನ್ಯೂಟ್ರಲ್, 1.5 ಚದರ ಎಂಎಂ ತಾಮ್ರ, 10 ಆಂಪ್ ಸಿ ಕರ್ವ್ ಎಂಸಿಬಿ. ಬಿ ಕರ್ವ್ ಹಾಕಿದ್ರೆ ಅದು ಬೇಗ ಟ್ರಿಪ್ ಆಗೋ ಥರದ್ದು, ಆನ್ ಮಾಡಿದ ತಕ್ಷಣ ನುಗ್ಗೋ ಕರೆಂಟಿಗೇ (ಇನ್‌ರಶ್) ಟ್ರಿಪ್ ಆಗಬಹುದು. ಪ್ಯಾನೆಲ್ಲಿಗೆ ಎಸ್‌ಪಿಡಿ (ದಿಢೀರ್ ವೋಲ್ಟೇಜ್ ಏರಿಕೆಯಿಂದ ಕಾಯೋ ಸಾಧನ) ಮರೀಬೇಡಿ.

ಫೇಸ್ ಹಂಚಿದ ಮಾತ್ರಕ್ಕೆ ಕಳಪೆ ಡ್ರೈವರ್ ನಡೆಯುತ್ತೆ ಅಂತಲ್ಲ, ಲೈಟಿನ ನೇರ ಕೆಳಗೆ ಅದೊಂದರ ಬೆಳಕೇ ಜೋರು, ಮಿನುಗು ಉಳಿಯುತ್ತೆ. ಫಿಲಿಪ್ಸ್, ಹ್ಯಾವೆಲ್ಸ್, ಕ್ರಾಂಪ್ಟನ್ ಯಾವುದಾದ್ರೂ ಸರಿ, ಒಂದೇ ಕಂಪನಿಯಲ್ಲೇ ಸೀರೀಸ್ ಮೇಲೆ ಡ್ರೈವರ್ ಬೇರೆ ಇರುತ್ತೆ, ಬರೀ ಹೆಸರು ನೋಡಿ ತಗೋಬೇಡಿ. ಅಂಗಡಿಯಲ್ಲೇ ಒಂದು ಹೊತ್ತಿಸಿ ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ. ದಪ್ಪ ಕಪ್ಪು ಪಟ್ಟಿ ಓಡಿದ್ರೆ ಅಲ್ಲೇ ಬಿಟ್ಟು ಬನ್ನಿ. ಹೆಸರಿಲ್ಲದ ಪೀಸಿಗೆ ದುಡ್ಡು ಹಾಕೋದು ಬೇಡವೇ ಬೇಡ.

ಲೇತಿಗೊಂದೊಂದು 24 ವೋಲ್ಟ್ ಡಿಸಿ ಲ್ಯಾಂಪ್ ಹೇಗೂ ಬೇಕು. ಗ್ರೈಂಡಿಂಗ್ ಕಡೆ ಧೂಳು ಕೂರುತ್ತೆ, ಅಲ್ಲಿ ಮೆಂಟೆನೆನ್ಸ್ 0.8 ಬದಲು 0.7 ಹಿಡಿದು ಐಪಿ65 (ಧೂಳು ಒಳಹೋಗದ) ಲೈಟ್ ಹಾಕಿ. ಬರೀ ಹುಕ್ಕಿಗೆ ನೇತಾಡಿಸದೆ ಪ್ರತಿಯೊಂದಕ್ಕೂ ಸೇಫ್ಟಿ ಚೈನ್ ಕಟ್ಟಿಸಿ. ಮುಂದೆ ಇಒಟಿ ಕ್ರೇನ್ (ಛಾವಣಿ ಕೆಳಗೆ ಹಳಿ ಮೇಲೆ ಓಡೋ ಕ್ರೇನ್) ಬರೋದಿದ್ರೆ ಈಗಲೇ ಹೇಳಿ, ಲೈಟ್ ಎತ್ತರ ಅದರ ಗರ್ಡರ್‌ಗಿಂತ ಮೇಲೆ ಬರಬೇಕು, ಲೆಕ್ಕ ಮತ್ತೆ ಮಾಡಬೇಕಾಗುತ್ತೆ. ಮೆಷಿನ್ ಜಾಗ ಗುರುತು ಮಾಡಿದ ಸ್ಕೆಚ್ ಇಲ್ಲೇ ಹಾಕಿ.