ಇಂಡಿಯಾನಾದ ಬ್ಯಾಸ್ಕೆಟ್‌ಬಾಲ್ ಶೂಟರ್‌ಗಳು: ಆಲ್ಫರ್ಡ್ ಯಾಕೆ ಮೇಲಿಲ್ಲ?

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ತಂಡದಲ್ಲಿ ಅತಿ ಹೆಚ್ಚು ತ್ರೀ-ಪಾಯಿಂಟರ್ (ದೂರದ ಗೆರೆಯ ಆಚೆಯಿಂದ ಹಾಕುವ ಮೂರು ಪಾಯಿಂಟ್‌ನ ಬುಟ್ಟಿ) ಹಾಕಿದವರ ಪಟ್ಟಿಯಲ್ಲಿ ಸ್ಟೀವ್ ಆಲ್ಫರ್ಡ್ ಯಾಕೆ ಮೇಲಿಲ್ಲ ಅಂತ ಕೇಳಿದ್ದೀರಿ. ಆ ಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ ಸರ್. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರು ಪಾಯಿಂಟ್ ಗೆರೆ ದೇಶಾದ್ಯಂತ ಬಂದದ್ದೇ 1986-87ರಲ್ಲಿ. ಅದು ಆಲ್ಫರ್ಡ್‌ನ ಕೊನೆಯ ಸೀಸನ್. ಆ ಒಂದೇ ವರ್ಷದಲ್ಲಿ 202 ಎಸೆದು 107 ಹಾಕಿದ, ಅಂದರೆ 53%! ಅದಕ್ಕೂ ಮುಂಚೆ ಎಷ್ಟು ದೂರದಿಂದ ಹಾಕಿದರೂ ಎರಡೇ ಪಾಯಿಂಟ್.

1987ರ ರಾಷ್ಟ್ರೀಯ ಕಾಲೇಜು ಫೈನಲ್ ನೋಡಿ. ಸಿರಾಕ್ಯೂಸ್ ವಿರುದ್ಧ 74-73. ಗೆಲುವಿನ ಬುಟ್ಟಿ ಕೀತ್ ಸ್ಮಾರ್ಟ್‌ದು, ಹಾಗಾಗಿ ಎಲ್ಲರಿಗೂ ಅದೇ ನೆನಪು. ಆದರೆ ಅಲ್ಲಿಯವರೆಗೆ ತಂಡವನ್ನು ಹಿಡಿದಿಟ್ಟದ್ದು ಆಲ್ಫರ್ಡ್‌ನ 23 ಪಾಯಿಂಟ್. ಹತ್ತು ತ್ರೀಗಳಲ್ಲಿ ಏಳು ಒಳಗೆ. ಕೋಚ್ ಬಾಬ್ ನೈಟ್‌ಗೆ ಆ ಗೆರೆ ಕಂಡರೇ ಆಗುತ್ತಿರಲಿಲ್ಲ, ಅದೇ ತಮಾಷೆ. ಫ್ರೀ ಥ್ರೋನಲ್ಲೂ (ಫೌಲ್ ಆದಾಗ ಸಿಗುವ ಎಸೆತ) ಆಲ್ಫರ್ಡ್‌ನ ನಾಲ್ಕು ವರ್ಷದ ಸರಾಸರಿ ಸುಮಾರು 90%.

ಇಂಡಿಯಾನಾಗೆ ನಂತರ ಆಡಿದ ಕ್ಯಾಲ್ಬರ್ಟ್ ಚೀನಿ ಒಟ್ಟು 2,613 ಪಾಯಿಂಟ್ ಗಳಿಸಿ ಆಲ್ಫರ್ಡ್‌ನ 2,438 ದಾಟಿದ, ನಿಜ. ಆದರೆ ಅವನನ್ನು ನಾನು ಸ್ಕೋರರ್ ಅಂತೀನಿ, ದೂರದಿಂದ ಗುರಿಯಿಟ್ಟು ಹಾಕುವ ಶೂಟರ್ ಅನ್ನಲ್ಲ. ಇಂಡಿಯಾನಾದ ನಂತರದ ಆಟಗಾರರಾದ ಎ.ಜೆ. ಗೈಟನ್, ಜೋರ್ಡನ್ ಹಲ್ಸ್ ಇಬ್ಬರೂ ಅಪ್ಪಟ ಶೂಟರ್‌ಗಳೇ, ಜೊತೆಗೆ ಅವರಿಗೆ ಪೂರ್ತಿ ನಾಲ್ಕು ವರ್ಷ ಆ ಗೆರೆಯಿತ್ತು. ನನ್ನ ಕ್ರಮ: ಆಲ್ಫರ್ಡ್, ಹಲ್ಸ್, ಗೈಟನ್. ಎರಡು-ಮೂರನ್ನು ಅದಲುಬದಲು ಮಾಡಿದರೂ ಜಗಳವಿಲ್ಲ.