ಜೀರ್ಣೋದ್ಧಾರದ ವೇಳೆ ಶಾಸನದ ಕಲ್ಲನ್ನು ಏನು ಮಾಡಬೇಕು?

ಮದ್ದೂರು ತಾಲ್ಲೂಕಿನ ನಿಮ್ಮೂರ ಗುಡಿಯ ಜೀರ್ಣೋದ್ಧಾರ ನಡೆದಿದೆ, ಅಂಗಳದಲ್ಲಿರುವ ಅಕ್ಷರದ ಕಲ್ಲನ್ನು ಉಜ್ಜಿ ಬಣ್ಣ ಬಳಿಯುತ್ತಾರಂತೆ, ಅದನ್ನು ಹಾಗೇ ಉಳಿಸಿದರೆ ಊರಿಗೇನು ಪ್ರಯೋಜನ ಎಂದು ಕೇಳಿದ್ದೀರಿ.

ದಯವಿಟ್ಟು ಬಣ್ಣ ಬಳಿಯಲು ಬಿಡಬೇಡಿ. ಪ್ರಯೋಜನ ಏನೆಂಬುದಕ್ಕೆ ನಿಮ್ಮ ತಾಲ್ಲೂಕಿನದೇ ಆತಕೂರು ಶಾಸನ ನೋಡಿ. ಕ್ರಿ.ಶ. 949-50ರ ಆ ಕಲ್ಲು ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಮಡಿದದ್ದನ್ನು ಹೇಳುತ್ತದೆ. ಅದೇ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ ಸತ್ತ ಸಂಗತಿಯೂ ಇದೆ. ಮಣಲೆರನೆಂಬ ವೀರ ಯುದ್ಧದ ಮೆಚ್ಚುಗೆಯಾಗಿ ಕೇಳಿ ಪಡೆದಿದ್ದ ನಾಯಿ ಅದು. ಈ ಕಲ್ಲಿಗೆ ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಂಡರೆ ಪಾಪ ಎಂದೂ ಕೆತ್ತಿಸಿದ್ದಾರೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾಮಾನ್ಯರ ಹೆಸರು, ಗದ್ದೆ, ಕೆರೆ, ದತ್ತಿಗಳ ವಿವರ ಹೆಚ್ಚಾಗಿ ಉಳಿದಿರುವುದು ಇಂಥ ಹಳ್ಳಿಯ ಕಲ್ಲುಗಳಲ್ಲೇ. ಕಲ್ಲು ಹೋದರೆ ಆ ಜನರೂ ಚರಿತ್ರೆಯಿಂದ ಹೋದಂತೆಯೇ.

ಎನಾಮಲ್ ಬಣ್ಣ ಅಕ್ಷರದ ಗೆರೆಯೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಕೆರೆಯಲು ಹೋದರೆ ಅಕ್ಷರದ ಅಂಚೇ ಉದುರುತ್ತದೆ. ಮರಳು ಚಿಮ್ಮಿಸಿ ತೊಳೆಯುವ ಯಂತ್ರ ಇನ್ನೂ ಕೆಟ್ಟದ್ದು. ಕಲ್ಲಿನ ಮೇಲ್ಪದರವನ್ನೇ ತಿನ್ನುತ್ತದೆ, ಅಕ್ಷರ ಇರುವುದು ಆ ಕೆಲವು ಮಿಲಿಮೀಟರಿನಲ್ಲೇ. ಬಳಪದ ಕಲ್ಲಾದರಂತೂ ಬಲು ಮೆದು. ಆಸಿಡ್, ತಂತಿ ಬ್ರಷ್ ಬೇಡ. ಬುಡಕ್ಕೆ ಸಿಮೆಂಟ್ ಹಾಕಿದರೆ ತೇವ, ಲವಣ ಎರಡೂ ಕಲ್ಲಿಗೆ ಏರಿ ಪದರ ಪದರವಾಗಿ ಏಳುತ್ತದೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಪಾಚಿ ಒಂದೇ ಸಲಕ್ಕೆ ಹೋಗದಿದ್ದರೆ ಬಿಟ್ಟುಬಿಡಿ.

ಮೊದಲು ಫೋಟೊ ತೆಗೆಯಿರಿ. ನಡುಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ. ರಾತ್ರಿ ಟಾರ್ಚನ್ನು ಒಂದು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಸವೆದ ಗೆರೆಯೂ ಏಳುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ನಾಲ್ಕೂ ಮುಖ ತೆಗೆಯಿರಿ, ಎಷ್ಟೋ ಶಾಸನ ಹಿಂಬದಿಗೂ ಮುಂದುವರಿದಿರುತ್ತದೆ.

ಆಮೇಲೆ ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನಿಮ್ಮೂರ ಹೆಸರು ಹುಡುಕಿ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಹಾಗಾಗಿ ಅದನ್ನು ಮೊದಲು ಸಂಪಾದಿಸಿದ ಬಿ.ಎಲ್. ರೈಸ್ ಅವರ ಹಳೆಯ ಸಂಪುಟಗಳಲ್ಲಿ ಮೈಸೂರು ಜಿಲ್ಲೆಯಡಿ ನೋಡಬೇಕು. ಅಲ್ಲಿ ಸಿಗದಿದ್ದರೆ ಹೊಸ ಶಾಸನವಿರಬಹುದು. ಸಿಗಲಿ, ಸಿಗದಿರಲಿ, ಮೈಸೂರಿನಲ್ಲೇ ಇರುವ ರಾಜ್ಯ ಪುರಾತತ್ವ ಇಲಾಖೆಗೆ ಫೋಟೊ ಸಹಿತ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಅವರು ಬರುವವರೆಗೆ ಕಲ್ಲು ಇದ್ದಲ್ಲೇ ಇರಲಿ. ದತ್ತಿ ಜಮೀನಿನ ಎಲ್ಲೆ ಹೇಳುವ ಶಾಸನಕ್ಕೆ ನಿಂತ ಜಾಗವೂ ಸಾಕ್ಷಿ. ಸರಿಸಲೇಬೇಕಾಗಿ ಬಂದರೆ ಗುಡಿಯಿಂದ ಎಷ್ಟು ದೂರ, ಮುಖ ಯಾವ ದಿಕ್ಕಿಗಿತ್ತು ಎಂದು ಮೊದಲೇ ಬರೆದಿಡಿ.