ಮದುವೆಯಾದ ಮಗಳು, ಅಪ್ಪನ ನೌಕರಿ

(ಹೆಸರು, ಊರು, ಇಲಾಖೆ, ಸಂಬಂಧದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಕುಮಟಾದಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರದು ಗಂಡನ ಮನೆಯ ತಕರಾರು. ನಾಗವೇಣಿಯದು ತವರಿನದು. ಅದನ್ನೂ ಆಕೆ ತಕರಾರು ಎಂದು ಹೇಳಲಿಲ್ಲ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮಗಳ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಥೈರಾಯ್ಡ್ ಎಲ್ಲ ನೋಡಿ ಏನೂ ಇಲ್ಲ ಎಂದು ಇತ್ತ ಕಳಿಸಿದ್ದರು.

ವಯಸ್ಸು ಮೂವತ್ತೊಂದು. ಬಿ.ಎ. ಓದು, ಜೊತೆಗೆ ಒಂದು ಕಂಪ್ಯೂಟರ್ ಕೋರ್ಸ್. ಗಂಡ ತದಡಿಯಿಂದ ಟ್ರಾಲರ್ ಬೋಟಿಗೆ ಹೋಗುತ್ತಾನೆ. ಮೀನು ಬಿದ್ದರೆ ಪಾಲು, ಇಲ್ಲದಿದ್ದರೆ ಇಲ್ಲ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧವಿದ್ದಾಗ ಮನೆಯಲ್ಲೇ. ನಾಲ್ಕು ವರ್ಷದ ಹಿಂದೆ ಆಯಿಗೆ (ತಾಯಿಗೆ) ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತ ಮೇಲೆ ನಾಗವೇಣಿ ಮಗಳನ್ನು ಕರೆದುಕೊಂಡು ತವರಿಗೆ ಬಂದವಳು ಅಲ್ಲೇ ಉಳಿದಳು. ಮಗಳು ಅಲ್ಲಿಯ ಶಾಲೆಗೇ ಹೋಗುತ್ತಾಳೆ. ಅಪ್ಪ ಸರ್ಕಾರಿ ಇಲಾಖೆಯೊಂದರಲ್ಲಿ ಗ್ರೂಪ್ ಸಿ ನೌಕರ. ಅವರ ಸಂಬಳದಲ್ಲೇ ನಾಲ್ವರ ಮನೆ ನಡೆಯುತ್ತಿತ್ತು. ನಿವೃತ್ತಿಗೆ ಇನ್ನೂ ಮೂರು ವರ್ಷ ಇರುವಾಗ ಹೃದಯಾಘಾತವಾಗಿ ತೀರಿಕೊಂಡರು. ಆಕೆ ನನ್ನೆದುರು ಕೂತ ದಿನಕ್ಕೆ ಅದಾಗಿ ಒಂಬತ್ತು ತಿಂಗಳು.

ಮಾತಿನ ನಡುವೆ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಅಪ್ಪನ ಐಡಿ ಕಾರ್ಡ್, ಮರಣ ಪ್ರಮಾಣಪತ್ರ, ಕೆಳಗೆ ನಾಲ್ಕು ಮಡಿಕೆ ಮಾಡಿದ ಛಾಪಾ ಕಾಗದ. ಅದರಲ್ಲಿ ಟೈಪ್ ಮಾಡಿದ ಆರೇಳು ಸಾಲು: ತಂದೆಯವರ ಅನುಕಂಪದ ನೌಕರಿಯನ್ನು ನನ್ನ ತಮ್ಮನಿಗೆ ಕೊಡಲು ನನ್ನ ಯಾವ ತಕರಾರೂ ಇರುವುದಿಲ್ಲ, ಮುಂದೆಯೂ ಕೇಳುವುದಿಲ್ಲ. (ಸೇವೆಯಲ್ಲಿರುವಾಗ ತೀರಿಕೊಂಡ ಸರ್ಕಾರಿ ನೌಕರರ ಮನೆಯವರೊಬ್ಬರಿಗೆ ಕೊಡುವ ನೌಕರಿಯೇ ಅನುಕಂಪದ ನೌಕರಿ.) ಸಹಿ ಹಾಕಬೇಕಾದಲ್ಲಿ ಪೆನ್ಸಿಲಿನ ಒಂದು ಸಣ್ಣ ಗುಣಾಕಾರದ ಗುರುತು, ಚಿಕ್ಕಪ್ಪ ಹಾಕಿದ್ದು. ಹದಿಮೂರನೇ ದಿನದ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ, ಕೈ ಒರೆಸಿಕೊಂಡು ಬಾ ಎಂದು ಕರೆದು ಮುಂದೆ ಇಟ್ಟಿದ್ದರಂತೆ.

“ಸಹಿ ಯಾಕೆ ಮಾಡಲಿಲ್ಲ?” ಎಂದೆ.

“ಪೆನ್ನು ಬರೂದಿಲ್ಲ ಅಂದೆ ಮೇಡಂ. ಆಮೇಲೆ ನಾಳೆ ಮಾಡ್ತೆ ಅಂದೆ. ಹಾಂಗೇ ದಿನ ಹೋಯ್ತು.”

ಇಷ್ಟು ತಿಂಗಳು ‘ನಾಳೆ’ ಎಂದವಳಿಗೆ ಆ ನೌಕರಿ ಬೇಕು ಎಂಬುದು ನನಗೆ ಅರ್ಥವಾಗಿತ್ತು. ಆಕೆಯ ಬಾಯಿಂದ ಅದು ಬರಲಿಲ್ಲ. ಬಂದದ್ದು ಬೇರೆ ಮಾತು: “ಅಪ್ಪ ಸತ್ತದ್ರಲ್ಲಿ ನಾನು ಲಾಭ ಹುಡುಕ್ತೆ ಇದ್ನಾ ಅನಿಸ್ತದೆ.” ನಿದ್ದೆ ಕೆಡಿಸಿದ್ದು ಇದು. ಇದೇ ನೌಕರಿಯನ್ನು ಬಯಸಿದ ತಮ್ಮನಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಮಗ ಕೇಳಿದರೆ ಜವಾಬ್ದಾರಿ, ಮಗಳು ಕೇಳಿದರೆ ಆಸೆಬುರುಕತನ. ಮೊದಲೆರಡು ಭೇಟಿ ಹೆಚ್ಚುಕಡಿಮೆ ಈ ಒಂದೇ ಗಂಟಿನ ಮೇಲೆ ಹೋದವು. ನಿನಗೆ ಬೇಕೋ ಬೇಡವೋ ಎಂದು ನಾನು ಕೇಳಲಿಲ್ಲ. ಅಪ್ಪನ ಸಂಬಳ ಬಂದ ದಿನ ಏನೇನು ತರುತ್ತಿದ್ದರು, ಈಗ ಅದರಲ್ಲಿ ಯಾವುದು ಬರುವುದಿಲ್ಲ ಎಂದು ಪಟ್ಟಿ ಮಾಡಿಸಿದೆ. ಬರೆಯುತ್ತ ಬರೆಯುತ್ತ, ಆಯಿಯ ಫಿಸಿಯೋಥೆರಪಿ ನಿಂತು ಐದು ತಿಂಗಳಾಯಿತು ಎಂಬಲ್ಲಿಗೆ ಬಂದಾಗ ಆಕೆ ಪೆನ್ನು ಕೆಳಗಿಟ್ಟು, “ನಂಗೆ ಆ ಕೆಲಸ ಬೇಕು” ಎಂದಳು.

ಆಕೆಯನ್ನು ಕಟ್ಟಿಹಾಕಿದ್ದ ಇನ್ನೊಂದು ಮಾತು ಅಪ್ಪನ ಕಚೇರಿಯದು. ವಿಚಾರಿಸಲು ಹೋದಾಗ ಅಲ್ಲಿಯ ಗುಮಾಸ್ತರೊಬ್ಬರು, “ಮದುವೆಯಾದ ಹೆಣ್ಣುಮಕ್ಕಳಿಗೆ ಬರುವುದಿಲ್ಲಮ್ಮ, ತಮ್ಮನ್ನ ಕಳಿಸು” ಎಂದಿದ್ದರು. ಅವರೇನೂ ಕೆಟ್ಟವರಲ್ಲ. ಬಹಳ ವರ್ಷ ನಿಯಮ ಹಾಗೇ ಇತ್ತು. ಅನುಕಂಪದ ಆಧಾರದ ನೇಮಕಾತಿಗೆ ಕರ್ನಾಟಕದಲ್ಲಿ 1996ರ ನಿಯಮಗಳಿವೆ. ಅದರಲ್ಲಿ ಮಗ ಎಂದರೆ ಮಗ, ಮದುವೆಯಾಗಿರಲಿ ಬಿಡಲಿ. ಮಗಳಾದರೆ ಮಾತ್ರ, ಗಂಡನಿರುವ ವಿವಾಹಿತ ಮಗಳಿಗೆ ಜಾಗವಿರಲಿಲ್ಲ. 2020ರ ಡಿಸೆಂಬರಿನಲ್ಲಿ ಭುವನೇಶ್ವರಿ ಪುರಾಣಿಕ ಅವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ಈ ಭೇದ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಮದುವೆ ಮಗನ ಅರ್ಹತೆಯನ್ನು ಕಳೆಯದಿದ್ದರೆ ಮಗಳದನ್ನು ಮಾತ್ರ ಹೇಗೆ ಕಳೆಯುತ್ತದೆ ಎಂಬುದು ತೀರ್ಪಿನ ತಿರುಳು. 2021ರಲ್ಲಿ ಸರ್ಕಾರ ನಿಯಮವನ್ನೇ ತಿದ್ದಿ ವಿವಾಹಿತ ಮಗಳನ್ನೂ ಸೇರಿಸಿತು. ಕಾಗದದಲ್ಲಿ ತಿದ್ದುಪಡಿಯಾಗಿ ವರ್ಷಗಳಾದರೂ ಕೌಂಟರಿನ ಈಚೆ ನಿಂತವರಿಗೆ ಹಳೆಯ ಉತ್ತರವೇ ಸಿಗುತ್ತಿದೆ. ಭಟ್ಕಳದ ಮುಸ್ಲಿಂ ಮನೆಯ ಮಗಳಿಗೂ, ಹೊನ್ನಾವರದ ಕ್ರಿಶ್ಚಿಯನ್ ಮನೆಯ ಮಗಳಿಗೂ ಇದೇ ಉತ್ತರ ಕೇಳಿ ಬಂದದ್ದನ್ನು ನೋಡಿದ್ದೇನೆ. ಬೇರೆ ಬೇರೆ ಜಾತಿ, ಮತಗಳವರು ಒಮ್ಮತದಿಂದ ಒಪ್ಪಿಕೊಂಡಿರುವ ಕೆಲವೇ ಸಂಗತಿಗಳಲ್ಲಿ ‘ಕೊಟ್ಟ ಹೆಣ್ಣು ಹೊರಗಿನವಳು’ ಎಂಬುದೂ ಒಂದು.

ಹೆಣ್ಣಿನ ಮದುವೆಯನ್ನು ನೌಕರಿಗೆ ಅಡ್ಡವಾಗಿ ನಿಲ್ಲಿಸುವುದು ಹೊಸದಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಲ್ಲಿ ಹೆಣ್ಣು ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಮದುವೆಯಾದ ಮೇಲೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಇದ್ಯಾವುದೂ ಇಲ್ಲ. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಖಾರವಾಗಿ ಟೀಕಿಸಿ ತೀರ್ಪು ಬರೆದರು. ನಾಗವೇಣಿಗೆ ಇದನ್ನು ಹೇಳಿದಾಗ, “ಅಷ್ಟು ದೊಡ್ಡ ಆಫೀಸರಿಗೂ ಹಾಂಗೇನಾ?” ಎಂದು ಮೊದಲ ಸಲ ನಕ್ಕಳು.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಕುರ್ಚಿ ಸಿಗುತ್ತದೆ ಎಂದಲ್ಲ. ಇಲ್ಲಿ ನಾನು ಆಕೆಗೆ ಸಿಹಿಮಾತು ಹೇಳಲಿಲ್ಲ. ಅನುಕಂಪದ ನೌಕರಿ ಆಸ್ತಿಯಲ್ಲ, ಪಾಲು ಕೇಳುವಂಥದ್ದಲ್ಲ. ಸರ್ಕಾರಿ ನೌಕರಿಯಲ್ಲಿ ಲಿಂಗದ ಕಾರಣಕ್ಕೆ ಭೇದ ಮಾಡಬಾರದು ಎನ್ನುವ ಸಂವಿಧಾನದ 16(2)ನೇ ವಿಧಿ, ಅದೇ ಉಸಿರಿನಲ್ಲಿ ಧರ್ಮ, ಜಾತಿ, ವಂಶದ ಕಾರಣಕ್ಕೂ ಮಾಡಬಾರದು ಎನ್ನುತ್ತದೆ. ಅಂದರೆ ಅಪ್ಪನ ಕುರ್ಚಿ ಮಗನಿಗೂ ಬರುವುದಿಲ್ಲ, ಮಗಳಿಗೂ ಬರುವುದಿಲ್ಲ. ದುಡಿಯುವ ಕೈ ಹಠಾತ್ತಾಗಿ ಹೋದಾಗ ಮನೆ ಬೀದಿಗೆ ಬೀಳದಿರಲಿ ಎಂದು ಮಾಡಿದ ವಿನಾಯಿತಿ ಇದು ಎಂದು ಸುಪ್ರೀಂ ಕೋರ್ಟು ಮತ್ತೆಮತ್ತೆ ಹೇಳಿದೆ. ಹಾಗಾಗಿ ಇಲಾಖೆ ನೋಡುವುದು ಸತ್ತವರನ್ನು ನಂಬಿ ಬದುಕುತ್ತಿದ್ದವರು ಯಾರು, ಈಗ ಅವರ ಗತಿಯೇನು ಎಂದು. ಗಂಡನ ಮನೆಯಲ್ಲಿ ನೆಮ್ಮದಿಯಾಗಿದ್ದ ಮಗಳಿಗೆ ತಿದ್ದುಪಡಿಯ ಬಲದಿಂದಲೇ ನೌಕರಿ ಸಿಗುವುದಿಲ್ಲ. ದೂರದಲ್ಲಿ ದುಡಿಯುತ್ತಿದ್ದ ಮಗನನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅದನ್ನು ಮನೆಯವರು ಮರೆಯುತ್ತಾರೆ.

ಮೂರನೆಯ ಭೇಟಿಗೆ ಆಯಿಯನ್ನೂ ತಮ್ಮನನ್ನೂ ಕರೆಸಿದೆ. ತಮ್ಮನನ್ನು ಗಣಪತಿ ಎನ್ನೋಣ. ಇಪ್ಪತ್ತಾರು ವರ್ಷ, ಪಿಯುಸಿ, ಮಡಗಾಂವಿನ ಹೋಟೆಲೊಂದರಲ್ಲಿ ಕೆಲಸ. ಬಂದವನೇ ಬಾಗಿಲ ಬಳಿಯ ಕುರ್ಚಿ ಎಳೆದು ಕೂತ. ಅಕ್ಕನ ಕಡೆ ನೋಡಲಿಲ್ಲ. ಕೇಡಿಗನನ್ನು ನಿರೀಕ್ಷಿಸಿದವರಿಗೆ ನಿರಾಸೆ ಆಗಬೇಕು, ಅವನು ಹೆದರಿದ ಹುಡುಗ. ಮೂರು ಕಡೆ ಹೆಣ್ಣು ಕೇಳಲು ಹೋಗಿ ‘ಹುಡುಗ ಗೋವಾದಲ್ಲಿ ಹೋಟೆಲ್ ಕೆಲಸ’ ಎಂಬುದಕ್ಕೇ ವಾಪಸ್ ಬಂದಿದ್ದಾರೆ. “ಅಕ್ಕನಿಗೆ ಗಂಡ ಇದ್ದಾನೆ, ಮಗು ಇದೆ, ಎಲ್ಲ ಆಯ್ತು. ನಂಗೆ ಸರ್ಕಾರಿ ನೌಕರಿ ಇಲ್ದೆ ಹೆಣ್ಣು ಕೊಡೂದು ಯಾರು?” ಎಂದ. ನಮ್ಮ ಜಿಲ್ಲೆಯಲ್ಲಿ ಮದುವೆಯಾಗದೆ ಉಳಿದ ಗಂಡುಮಕ್ಕಳ ಮನೆಗಳನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ನಾನೂ ತಳ್ಳಿಹಾಕಲಿಲ್ಲ. ಆದರೆ ಹೆಣ್ಣು ಸಿಗಲಿ ಎಂಬುದು ಅನುಕಂಪದ ನೌಕರಿಗೆ ಕಾರಣವಾಗುವುದಿಲ್ಲ ಎಂದು ಅಷ್ಟೇ ಸ್ಪಷ್ಟವಾಗಿ ಹೇಳಿದೆ.

ಆಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಗನ ಕೈಲಿ ನೀರು ಬಿಡಿಸ್ಕಂಡು ಹೋಗ್ಬೇಕು ಅಲ್ವಾ” ಎಂದರು. ವಾದಕ್ಕೆ ಇಳಿಯದೆ ನಿನ್ನೆಯ ದಿನ ಹೇಗೆ ಕಳೆಯಿತು ಎಂದು ಕೇಳಿದೆ. ಬೆಳಿಗ್ಗೆ ಎಬ್ಬಿಸಿದ್ದು ಯಾರು? ಬಚ್ಚಲಿಗೆ ಒಯ್ದದ್ದು? ಗಂಜಿ, ಗುಳಿಗೆ? ಪ್ರತಿ ಪ್ರಶ್ನೆಗೂ ಅವರು ಸೋಲದ ಬಲಗೈ ಎತ್ತಿ ಮಗಳತ್ತ ತೋರಿಸಿದರು. ಗಣಪತಿ ಚಪ್ಪಲಿಯ ತುದಿ ನೋಡುತ್ತಿದ್ದ. ಮಗನಿಗೆ ನೌಕರಿ ಸಿಕ್ಕರೆ ಪೋಸ್ಟಿಂಗ್ ಎಲ್ಲಿ ಆಗುತ್ತದೋ, ಆಗ ಇವರನ್ನು ಯಾರು ನೋಡುತ್ತಾರೆ ಎಂದು ಕೇಳಿದ್ದಕ್ಕೆ, “ಅಕ್ಕ ಇದ್ದಾಳಲ್ಲ” ಎಂದ. ಹೇಳಿದ ಮೇಲೆ ತಾನೇ ಸುಮ್ಮನಾದ.

ಯಾರಿಗೆ ನೌಕರಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನಿಯಮದ ಪ್ರಕಾರ ಮೊದಲ ಅವಕಾಶ ಹೆಂಡತಿಗೆ. ಆರೋಗ್ಯದಿಂದಲೋ ಬೇರೆ ಕಾರಣದಿಂದಲೋ ಅವರಿಗೆ ಆಗದಿದ್ದರೆ ಮಕ್ಕಳ ಮಾತು. ಆಗ ತಾಯಿಯ ಒಪ್ಪಿಗೆಗೆ ಬಹಳ ತೂಕ. ಇದನ್ನು ಮೂವರಿಗೂ ಒಟ್ಟಿಗೆ ಹೇಳಿದೆ, ಚಿಕ್ಕಪ್ಪನ ಮೂಲಕ ತಿರುಚಿ ಹೋಗದಿರಲಿ ಎಂದು. ನಾಗವೇಣಿಗೆ ಕೊಟ್ಟ ಸಲಹೆ ಬೇರೆ.

ಮೊದಲು ಆ ಕಾಗದ. ಅದಕ್ಕೆ ಸಹಿ ಬೇಡ. ತಮ್ಮನಿಗೇ ಬಿಟ್ಟುಕೊಡಬೇಕು ಅನ್ನಿಸಿದರೂ ತಿಳಿದು ಬಿಟ್ಟುಕೊಡು, ಸೂತಕದ ಮನೆಯಲ್ಲಿ ತಲೆ ತಗ್ಗಿಸಿ ಕೊಟ್ಟ ಸಹಿ ಆಮೇಲೆ ನಿನ್ನ ವಿರುದ್ಧವೇ ಕಡತದಲ್ಲಿ ಕೂರುತ್ತದೆ ಎಂದೆ. ಎರಡನೆಯದು ದಿನಗಳ ಲೆಕ್ಕ. ಅರ್ಜಿ ಮರಣದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಮನೆಯ ಮುನಿಸು ಮುಗಿಯಲಿ ಎಂದು ಕಾದವರು ಆ ಗಡುವು ದಾಟಿಸಿಕೊಂಡು, ಅಕ್ಕತಮ್ಮ ಇಬ್ಬರಿಗೂ ಇಲ್ಲದಂತೆ ಮಾಡಿಕೊಂಡಿದ್ದಾರೆ. ಹಾಗಾಗಿ ಬಾಯಿಮಾತಿನ ವಿಚಾರಣೆ ಸಾಕು, ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬಾ ಎಂದೆ. ತೆಗೆದುಕೊಳ್ಳುವುದಿಲ್ಲ ಎಂದರೆ ನೋಂದಾಯಿತ ಅಂಚೆ ಇದೆ. ಬರುವುದಿಲ್ಲ ಎಂದವರ ಹತ್ತಿರ ಜಗಳವಾಡದೆ, 2021ರ ತಿದ್ದುಪಡಿಯ ಪ್ರತಿ ಲಗತ್ತಿಸಿ, “ಬರುವುದಿಲ್ಲ ಅಂತ ಬರೆದುಕೊಡಿ” ಎನ್ನಬೇಕು. ಬರೆದುಕೊಡಿ ಎಂಬ ಮಾತಿಗೆ ನಮ್ಮ ಕಚೇರಿಗಳಲ್ಲಿ ವಿಶೇಷ ಶಕ್ತಿ ಇದೆ.

ಹೆಚ್ಚು ಹೊತ್ತು ಹಿಡಿದದ್ದು ಅವಲಂಬನೆಯ ದಾಖಲೆ. ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ, ವಂಶಾವಳಿ, ಆದಾಯ ಪತ್ರ ನಾಡಕಚೇರಿಯಲ್ಲಿ ಆಗುವಂಥವು. ತೊಡಕು ಬೇರೆಡೆ ಇತ್ತು. ಆಕೆಯ ಹೆಸರು ಇನ್ನೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲೇ ಇದೆ. ಈಗ ಅವಸರದಲ್ಲಿ ಹೆಸರು ಬದಲಿಸಲು ಓಡಬೇಡ, ತಂದೆ ಸತ್ತ ಮೇಲೆ ತಿದ್ದಿದ ಕಾರ್ಡು ಅನುಮಾನಕ್ಕೆ ದಾರಿ ಎಂದೆ. ಗಂಡನ ಗಳಿಕೆಯನ್ನೂ ಮುಚ್ಚಿಡಬಾರದು. ಅಫಿಡವಿಟ್‌ನಲ್ಲಿ ಸುಳ್ಳು ಬರೆದು ಪಡೆದ ನೌಕರಿ ಎಂದಾದರೂ ಕೈಬಿಡುತ್ತದೆ, ಮೇಲಿಂದ ಕೇಸು. ಬದಲಿಗೆ ನಾಲ್ಕು ವರ್ಷದ ವಾಸ ತೋರಿಸುವ ಹಳೆಯ ಕಾಗದಗಳನ್ನು ಹುಡುಕು: ಮಗಳ ಶಾಲಾ ದಾಖಲಾತಿ, ಆಯಿಯ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳುವವರು ಎಂದು ನಿನ್ನ ಸಹಿ, ಅಪ್ಪನ ಖಾತೆಯಿಂದ ನಿನಗೆ ಬಂದ ಹಣ, ಅಂಗನವಾಡಿಯ ನೋಂದಣಿ. ಆಕೆ ಒಂದು ಅಕ್ಕಿ ಚೀಲದ ತುಂಬ ತಂದಳು. ಅದರಲ್ಲಿ ಅಪ್ಪ ಮೊಮ್ಮಗಳ ಶಾಲಾ ಫೀಸು ಕಟ್ಟಿದ ರಸೀದಿಗಳೂ ಇದ್ದವು, ಹಿಂಬದಿಯಲ್ಲಿ ಅವರದೇ ಕೈಬರಹದಲ್ಲಿ ತಿಂಗಳ ಕಿರಾಣಿ ಲೆಕ್ಕ. ನನ್ನ ಮಟ್ಟಿಗೆ ಅವಲಂಬನೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿರಲಿಲ್ಲ.

ವಕೀಲರಿಗೆ ದುಡ್ಡೆಲ್ಲಿ ಎಂಬ ಚಿಂತೆಯೂ ಇತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, 15100 ಸಹಾಯವಾಣಿಯೂ ಇದೆ. ಇಲಾಖೆ ತಿರಸ್ಕರಿಸಿದರೆ ಮುಂದಿನ ಮೆಟ್ಟಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಅಲ್ಲಿಗೆ ಹೋಗಲು ಕೈಯಲ್ಲಿ ಲಿಖಿತ ತಿರಸ್ಕಾರ ಇದ್ದರೆ ದಾರಿ ಸುಲಭ.

ಕೊನೆಯ ಸಲಹೆ ಆಕೆಗೆ ರುಚಿಸಲಿಲ್ಲ. ನೌಕರಿ ನಿನಗೆ ಬಂದರೆ ಆಯಿಯ ಖರ್ಚು, ಔಷಧಿ ನಿನ್ನ ಮೇಲೆ ಎಂದು ತಮ್ಮನ ಎದುರು ಬರೆದುಕೊಡು ಎಂದೆ. “ಈಗ ಮಾಡೂದು ನಾನೇ ಅಲ್ವಾ, ಮತ್ತೆಂತಕೆ ಬರೀಬೇಕು?” ಎಂದು ಮುಖ ಊದಿಸಿದಳು. ಪ್ರೀತಿಯಿಂದ ಮಾಡುವುದನ್ನು ಕಾಗದಕ್ಕಿಳಿಸುವುದು ಅವಮಾನ ಅನ್ನಿಸುತ್ತದೆ, ಸಹಜ. ಆದರೆ ನೌಕರಿ ಸಿಕ್ಕ ಮೇಲೆ ಆಯಿಯನ್ನು ಬಿಟ್ಟು ಗಂಡನ ಮನೆಗೆ ಹೋಗುತ್ತಾಳೆ ಎಂಬ ಚಿಕ್ಕಪ್ಪನ ಮಾತಿಗೆ ಬೇರೆ ಉತ್ತರ ನನಗೆ ತೋಚಲಿಲ್ಲ. ಬರೆದಳು. ಗಂಡನೂ ಸಾಕ್ಷಿ ಸಹಿ ಹಾಕಿದ. ಮುಂಚಿನಿಂದ ಇಡೀ ಪ್ರಕರಣದಲ್ಲಿ ಒಂದೂ ಮಾತಾಡದ ಮನುಷ್ಯ ಆ ದಿನ ಬೋಟು ಬಿಟ್ಟು ಬಂದಿದ್ದ.

ಆಯಿ ಮಗಳ ಹೆಸರನ್ನೇ ಹೇಳಿದರು. ಮಗನ ಎದುರಿಗಲ್ಲ, ನೋಟರಿಯ ಎದುರಿಗೆ, ಬಲಗೈಯ ಹೆಬ್ಬೆಟ್ಟು ಒತ್ತಿ. ವರ್ಷ ತುಂಬುವ ಮೊದಲೇ ಅರ್ಜಿ ಸೇರಿತು. ಇಲಾಖೆ ಒಮ್ಮೆ ಹೆಚ್ಚುವರಿ ದಾಖಲೆ ಕೇಳಿದೆ, ಕೊಟ್ಟಾಗಿದೆ, ಆದೇಶ ಬಂದಿಲ್ಲ. ನಾಗವೇಣಿಗೆ ನಿದ್ದೆ ಬರುತ್ತಿದೆ, ಫಿಸಿಯೋಥೆರಪಿಯವರನ್ನು ವಾರಕ್ಕೊಮ್ಮೆ ಮತ್ತೆ ಕರೆಸುತ್ತಿದ್ದಾಳೆ. ಗಣಪತಿ ಈ ಸಲ ಚೌತಿಗೆ ಊರಿಗೆ ಬರಲಿಲ್ಲ, ಆಯಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಾನೆ, ಅಕ್ಕನಿಗೆ ಕೊಡು ಎನ್ನುವುದಿಲ್ಲ. ಕಳೆದ ತಿಂಗಳು ನನಗೇ ಫೋನ್ ಮಾಡಿ, ಅಕ್ಕ ಇಲ್ಲದೆ ಒಬ್ಬನೇ ಬರಬಹುದಾ ಎಂದು ಕೇಳಿದ. ಪಿಯುಸಿಯವರಿಗೆ ಯಾವ ಯಾವ ಪರೀಕ್ಷೆಗೆ ಅರ್ಜಿ ಹಾಕಬಹುದು ಎಂಬುದೂ ಅವನಿಗೆ ಬೇಕಂತೆ. ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬಾ ಎಂದಿದ್ದೇನೆ.